ಹನ್ನೊಂದರ ಬಸ್ಸಿನ ಲೆಕ್ಕದ ಮೇಡಂ

ನಂಜನಗೂಡಿನ ಬಜಾರದಲ್ಲಿ ಒಂದು ಕಡಿದಾದ ಮೆಟ್ಟಿಲ ಪಕ್ಕ ‘ಲೆಕ್ಕಪತ್ರ ಮತ್ತು ಸೇಲ್ಸ್ ಟ್ಯಾಕ್ಸ್ ಸಲಹೆ’ ಅಂತ ತಗಡಿನ ಬೋರ್ಡೊಂದಿತ್ತು. ಹೋದ ತಿಂಗಳು ಅದನ್ನು ಇಳಿಸಿದೆವು. ಇಳಿಸಿದವನು ನಾನೇ. ಸ್ಟೂಲು ಹತ್ತಿ ಮೊಳೆ ಕೀಳುತ್ತಿದ್ದರೆ ಕೆಳಗಿನಿಂದ ಮೇಡಂ ದನಿ:

“ಮೊಳೆ ಬಗ್ಗಿಸ್ಬೇಡ ಕಣೋ ಕಲಾವಿದ, ಅದಕ್ಕೂ ದುಡ್ಡು ಕೊಟ್ಟಿದ್ದೀನಿ.”

ಮೇಡಂ ಕೆಲಸ ಬಿಟ್ಟು ಮೈಸೂರಿನ ತಂಗಿ ಮನೆಗೆ ಹೊರಟಿದ್ದರು. ಯಾಕೆ ಮೇಡಂ ಅಂದಿದ್ದಕ್ಕೆ, “ವ್ಯಾಟ್ ಬಂತು, ಕಲ್ತೆ. ಕಂಪ್ಯೂಟರ್ ಬಂತು, ಅದನ್ನೂ ಕಲ್ತೆ. ಈಗ ಮಂಡಿನೋವು ಬಂದಿದೆ. ಅದರ ಲೆಕ್ಕ ನನಗೆ ಬಗೆಹರೀತಿಲ್ಲ” ಅಂದರು. ನಾವೊಂದಷ್ಟು ಅಂಗಡಿಯವರು ಸೇರಿ ಸನ್ಮಾನ ಇಟ್ಟುಕೊಳ್ಳೋಣ ಅಂದೆವು. “ಶಾಲು ಹಾರದ ಬಿಲ್ಲು ಯಾವ ಖಾತೆಗೆ ಹಾಕ್ತೀರಿ?” ಅಂತ ಕೇಳಿದರು. ಸನ್ಮಾನ ಅಲ್ಲಿಗೇ ನಿಂತಿತು. ಆದ್ದರಿಂದ ಹಾರದ ಬದಲು ಈ ಬರಹ. ಕಾಗದ ಅಂಗಡಿಯದು, ಪೆನ್ನು ನನ್ನ ಸ್ವಂತದ್ದು. ಈ ವಿವರ ಬೇರೆ ಯಾರಿಗೂ ಬೇಕಿಲ್ಲ, ಅವರು ಮಾತ್ರ ಕೇಳೇ ಕೇಳುತ್ತಾರೆ.

ಕಲಾವಿದ ಅಂತ ನನ್ನನ್ನು ಕರೆಯುತ್ತಿದ್ದದ್ದು ಹೊಗಳಿಕೆಗಲ್ಲ. ನನಗೆ ಬರುವ ವಿದ್ಯೆ ಒಂದೇ, ಕಂಡವರನ್ನು ಅಣಕಿಸುವುದು. ಬಸ್ ಕಂಡಕ್ಟರು, ಬ್ಯಾಂಕ್ ಮ್ಯಾನೇಜರು, ನಮ್ಮಪ್ಪ ಪಂಪ್‌ಸೆಟ್ಟಿಗೆ ಬೈಯುವುದು, ಆ ಪಂಪ್‌ಸೆಟ್ಟು ಅಪ್ಪನಿಗೆ ತಿರುಗಿ ಬೈಯುವುದು, ಎಲ್ಲ ಮಾಡುತ್ತಿದ್ದೆ. ಕಾಲೇಜು ಮುಗಿದ ಮೇಲೆ ಒಂದು ಆರ್ಕೆಸ್ಟ್ರಾದವರ ಜೊತೆ ಸುತ್ತಿದೆ. ಅವರು ಸಂಬಳ ಕೊಡುತ್ತಿದ್ದದ್ದು ಬಜ್ಜಿಯ ರೂಪದಲ್ಲಿ. ನನ್ನ ಹೊಟ್ಟೆ ಮುಂದಕ್ಕೆ ಬಂದದ್ದನ್ನು ಬಿಟ್ಟರೆ ಬೇರೆ ಏಳಿಗೆ ಕಾಣಲಿಲ್ಲ. ಅವ್ವ ತನ್ನ ಎರಡೆಳೆ ಸರವನ್ನು ಸೊಸೈಟಿಯಲ್ಲಿ ಅಡವಿಟ್ಟಳು, ಅಪ್ಪ ಜೋಡೆತ್ತು ಮಾರಿದ, ಇಬ್ಬರೂ ಸೇರಿ ನನಗೆ ತಿ. ನರಸೀಪುರದ ಬಜಾರದಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಡಿಸಿಕೊಟ್ಟರು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮದುವೆ ಮುಯ್ಯಿಗೆ ಚೊಂಬು, ತಟ್ಟೆ, ಕೊಳಗ. ಹೆಸರು ಕೊರೆದುಕೊಡುವ ಮಿಷನ್ನೂ ಇಟ್ಟಿದ್ದೆ. ಮೊದಲ ದಿನವೇ ಮಿಷನ್ ಪರೀಕ್ಷೆ ಮಾಡಲು ನನ್ನ ಹೆಸರನ್ನೇ ಒಂದು ದೊಡ್ಡ ಹಂಡೆಯ ಮೇಲೆ ಕೊರೆದೆ. ಆ ಹಂಡೆ ಮಾರಾಟವಾಗಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಲೆಕ್ಕ ಬರೆಯಲು ಯಾರಾದರೂ ಬೇಕಲ್ಲ ಅಂದಾಗ ಪಕ್ಕದ ಕಾಫಿಪುಡಿ ಅಂಗಡಿಯವರು, “ನಂಜನಗೂಡಿನ ಮೇಡಂ ಅವ್ರೆ. ಪ್ರತಿ ಶನಿವಾರ ಹನ್ನೊಂದರ ಬಸ್ಸಿಗೆ ಬರ್ತಾರೆ. ಬೈಸ್ಕೊಳ್ಳೋ ತಾಕತ್ತಿದ್ರೆ ಕೇಳು” ಅಂದರು.

ಆ ಶನಿವಾರ ಬಸ್ಸಿನಿಂದ ಇಳಿದವರನ್ನು ನೋಡಿದೆ. ಕುಳ್ಳಗೆ, ಗುಂಡಗೆ. ಭುಜದಲ್ಲಿ ಎರಡು ಊರಿನ ರಸೀದಿ ಹಿಡಿಸುವಷ್ಟು ದೊಡ್ಡ ವ್ಯಾನಿಟಿ ಬ್ಯಾಗು. ಹಣೆಗೆ ಏನೂ ಇಡುತ್ತಿರಲಿಲ್ಲ. ಎಡಗೈಯಲ್ಲಿ ಗಂಡಸರ ದೊಡ್ಡ ವಾಚು, ತೀರಿಕೊಂಡ ಗಂಡನದು. ಈ ಕೆಲಸವೂ ಮೊದಲು ಗಂಡನದೇ ಆಗಿತ್ತು. ಅವರು ಹೋದ ಮೇಲೆ ಬಿಕಾಂ ಓದಿದ್ದ ಮೇಡಂ ಅದೇ ಕುರ್ಚಿಯಲ್ಲಿ ಕೂತರು. ಮೊದಮೊದಲು ಆಫೀಸುಗಳಲ್ಲಿ ಅಯ್ಯೋ ಪಾಪ ಅಂತ ಕುರ್ಚಿ ಕೊಡುತ್ತಿದ್ದರಂತೆ. ಆಮೇಲೆ ಭಯಕ್ಕೆ ಕೊಟ್ಟರು.

ಬಂದವರೇ ಅಂಗಡಿಯೊಳಗೆ ಕಣ್ಣಾಡಿಸಿದರು. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ನಾನು ಬರೆದಿದ್ದ ಸಾಲದ ಪಟ್ಟಿ ನೋಡಿದರು. ನನ್ನ ಕೈಯಲ್ಲಿದ್ದ ಬೋಂಡಾ ನೋಡಿದರು. ಬೈಯುವ ಮುಂಚೆ ಅವರ ಮೂಗಿನಿಂದ ‘ಹ್ಞೂಂ’ ಅಂತ ಒಂದು ಉಸಿರು ಹೊರಡುತ್ತಿತ್ತು, ಹಳೇ ಬಸ್ಸು ಗೇರು ಬದಲಿಸಿದ ಹಾಗೆ. ಅದು ಹೊರಟಿತು.

“ಈ ಬೋಂಡಾ ತಿಂತಿರೋರು ಯಾರು? ನೀನಾ, ಅಂಗಡಿಯಾ?”

“ಅಂಗಡಿಗೆಲ್ಲಿ ಬಾಯಿ ಮೇಡಂ? ನಾನೇ.”

“ದುಡ್ಡು ಎಲ್ಲಿಂದ ತಗೊಂಡೆ?”

“ಗಲ್ಲಾಪೆಟ್ಟಿಗೆಯಿಂದ.”

“ಗಲ್ಲಾ ಯಾರ್ದು?”

“ನನ್ದೇ ಮೇಡಂ. ಅಂಗಡಿ ನನ್ದು ಅಂದ್ಮೇಲೆ...”

“ಅಲ್ಲಿಗೆ ಮುಗೀತು ನಿನ್ನ ವ್ಯಾಪಾರ” ಅಂತ ಪೆನ್ನು ತೆಗೆದರು. “ಕೇಳು. ಅಂಗಡಿ ಒಬ್ಬ ಮನುಷ್ಯ, ನೀನೊಬ್ಬ ಮನುಷ್ಯ. ಅವನ ಜೇಬಿಗೆ ನೀನು ಕೈ ಹಾಕ್ಬೇಕಾದ್ರೆ ಚೀಟಿ ಬರೀಬೇಕು. ‘ಸ್ವಂತ ಖರ್ಚಿಗೆ ತೆಗೆದದ್ದು, ಬೋಂಡಾ.’ ಬರಿ. ನನ್ನ ಮುಂದೇನೇ ಬರಿ.”

ನನ್ನ ಅಂಗಡಿಯ ಲೆಕ್ಕದ ಪುಸ್ತಕ ಹೀಗೆ ಬೋಂಡಾದಿಂದ ಶುರುವಾಯಿತು.

ಅವರು ಹೇಳಿಕೊಟ್ಟ ವಿದ್ಯೆ ಹೇಳಿಕೊಳ್ಳುವಷ್ಟು ದೊಡ್ಡದೇನಲ್ಲ. ಹಳೇ ಸೈಕಲ್ ಸ್ಪೋಕುಗಳನ್ನು ಬಗ್ಗಿಸಿ ಗೋಡೆಗೆ ಮೂರು ಕೊಕ್ಕೆ ಹಾಕಿಸಿದರು. ಕೊಂಡ ಸಾಮಾನಿನ ಬಿಲ್ಲು ಒಂದಕ್ಕೆ ಚುಚ್ಚಬೇಕು, ಮಾರಿದ್ದರ ನಕಲು ಇನ್ನೊಂದಕ್ಕೆ, ಬಾಡಿಗೆ ಕರೆಂಟು ಹಮಾಲಿ ಎಲ್ಲ ಮೂರನೆಯದಕ್ಕೆ. ಸಂಜೆ ಬಾಗಿಲು ಹಾಕುವ ಮುಂಚೆ ಗಲ್ಲಾ ಎಣಿಸಿ, ಪುಸ್ತಕಕ್ಕೆ ಏರಿಸಿ, ಎರಡೂ ತಾಳೆಯಾಗದಿದ್ದರೆ ಆಗುವ ತನಕ ಮನೆಗೆ ಹೋಗುವ ಹಾಗಿಲ್ಲ. “ಇವತ್ತಿನ ತಪ್ಪು ಇವತ್ತು ಸಣ್ಣದಾಗಿರುತ್ತೆ ಕಣೋ. ಶನಿವಾರಕ್ಕೆ ಬಂದು ನಾನು ನೋಡೋ ಹೊತ್ತಿಗೆ ಅದಕ್ಕೆ ಮೀಸೆ ಬಂದಿರುತ್ತೆ” ಅನ್ನುತ್ತಿದ್ದರು. ಗಿರಾಕಿಯಿಂದ ವಸೂಲಿ ಮಾಡಿದ ತೆರಿಗೆ ಬಗ್ಗೆ ಮಾತ್ರ ಬಹಳ ಗಂಭೀರ. ಆ ದುಡ್ಡನ್ನು ಬೇರೆ ಡಬ್ಬಿಯಲ್ಲಿ ಇಡಿಸುತ್ತಿದ್ದರು. “ಅದು ನಿನ್ದಲ್ಲ. ಪಕ್ಕದ ಮನೆಯೋರು ಊರಿಗೆ ಹೋಗ್ತಾ ಇಟ್ಕೊಂಡಿರು ಅಂತ ಕೊಟ್ಟ ಒಡವೆ ಇದ್ದ ಹಾಗೆ. ಹಾಕ್ಕೊಂಡು ಮೆರೆಯೋದಲ್ಲ.”

ಕಾಫಿಪುಡಿ ಅಂಗಡಿಯವರ ಕಥೆ ಇನ್ನೂ ಚೆನ್ನಾಗಿದೆ. ಹೊಸ ಲೆಕ್ಕದ ಪುಸ್ತಕ ಕೊಂಡಿಡಿ ಅಂತ ಅವರಿಗೆ ಮೇಡಂ ಹೇಳಿದ್ದರು. ಅವರು ಕೊಂಡರು. ಅರಿಶಿನ ಕುಂಕುಮ ಹಚ್ಚಿ, ಮೊದಲ ಹಾಳೆ ಮೇಲೆ ಶ್ರೀಕಾರ ಬರೆದು, ಸೇವಂತಿಗೆ ಇಟ್ಟು ಪೂಜೆ ಮಾಡಿದರು. ಆರು ತಿಂಗಳ ಮೇಲೆ ಮೇಡಂ ತೆಗೆದು ನೋಡಿದರೆ ಒಣಗಿದ ಸೇವಂತಿಗೆ ಅಲ್ಲೇ ಇದೆ, ಮಿಕ್ಕ ಹಾಳೆಗಳು ಹಾಲಿನ ಹಾಗೆ ಬೆಳ್ಳಗಿವೆ.

“ಯಾಕ್ರೀ ಒಂದಕ್ಷರಾನೂ ಬರ್ದಿಲ್ಲ?”

“ಪೂಜೆ ಮಾಡಿದ್ ಪುಸ್ತಕ ಮೇಡಂ. ಅದ್ರಲ್ಲಿ ಸಾಲ ಸೋಲ ಅಂತೆಲ್ಲ ಬರ್ಯಕ್ಕೆ ಮನ್ಸು ಬರ್ಲಿಲ್ಲ.”

“ಮತ್ತೆ ಲೆಕ್ಕ ಎಲ್ಲಿದೆ?”

ಕಾಫಿಪುಡಿಯವರು ತಲೆ ಮುಟ್ಟಿ ತೋರಿಸಿದರು. “ಹಾಗಾದ್ರೆ ಆಫೀಸಿನೋರು ಕೇಳಿದಾಗ ಆ ತಲೇನೇ ಬಿಚ್ಚಿ ಮೇಜಿನ ಮೇಲಿಡಿ” ಅಂದರು ಮೇಡಂ. ನಾನು ಈ ಸಂಭಾಷಣೆಯನ್ನು ಇಬ್ಬರ ದನಿಯಲ್ಲೂ ಮಾಡಿ ಬಜಾರಿನಲ್ಲಿ ಬಹಳ ಸಲ ಪುಕ್ಕಟೆ ಕಾಫಿ ಕುಡಿದಿದ್ದೇನೆ. ಕಾಫಿ ಕೊಟ್ಟವರೂ ಕಾಫಿಪುಡಿಯವರೇ.

ಮೇಡಂ ದೇವತೆಯೇನೂ ಅಲ್ಲ. ಬಸ್ಸಿನಲ್ಲಿ ಕಿಟಕಿ ಸೀಟು ಸಿಗದಿದ್ದರೆ ಇಡೀ ದಾರಿ ಮುಖ ಊದಿಸಿಕೊಂಡಿರುತ್ತಿದ್ದರು. ಮಸಾಲೆ ದೋಸೆ ಕೊಡಿಸಿದವರ ಲೆಕ್ಕವನ್ನು ಮೊದಲು ನೋಡುತ್ತಿದ್ದರು ಅನ್ನುವ ಆಪಾದನೆಯಿದೆ, ನಾನೂ ಕೊಡಿಸಿದ್ದರಿಂದ ಅದು ನಿಜ ಅಂತ ಹೇಳಬಲ್ಲೆ. ಫೀಸಿನಲ್ಲಿ ಒಂದು ರೂಪಾಯಿ ಬಿಡುತ್ತಿರಲಿಲ್ಲ. ಲೆಕ್ಕದಲ್ಲಿ ನಿಧಾನದವರನ್ನು ಕಂಡರೆ ಸಿಡಿಮಿಡಿ. ಒಬ್ಬ ಹೋಟೆಲಿನವರನ್ನು ಅವರ ಗಿರಾಕಿಗಳ ಎದುರಿಗೇ ಅಳಿಸಿದ್ದರು. ಆಮೇಲೆ ತಾವೇ ಅವರಿಗೆ ಕಾಫಿ ಹೇಳಿ, ಅದರ ದುಡ್ಡು ಕೊಟ್ಟು, ಬಿಲ್ಲು ಕೇಳಿದರು. ಹೋಟೆಲಿನವರು ಮತ್ತೆ ಅತ್ತರು.

ಒಂದು ದಿನ ನನ್ನನ್ನು ಎದುರು ನಿಲ್ಲಿಸಿಕೊಂಡು, “ಊರೆಲ್ಲ ನನ್ನ ಥರ ಮಾತಾಡ್ತೀಯಂತೆ. ಮಾಡು ನೋಡೋಣ” ಅಂದರು. ಓಡಿಹೋಗಲು ದಾರಿಯಿರಲಿಲ್ಲ, ಅಂಗಡಿ ನನ್ನದೇ. ಮಾಡಿದೆ. ಮೂಗಿನ ಉಸಿರು, ಕತ್ತು ಓರೆ ಮಾಡಿ ಕನ್ನಡಕದ ಮೇಲಿಂದ ನೋಡುವುದು, ಬೈಯುವ ಮುಂಚೆ ಪೆನ್ನಿನ ಗುಂಡಿ ‘ಟಿಕ್ ಟಿಕ್’ ಅಂತ ಒತ್ತುವುದು. ಸ್ವಲ್ಪವೂ ನಗದೆ ಕೊನೆಯವರೆಗೂ ನೋಡಿದರು.

“ಪೆನ್ನು ಮೂರು ಸಲ ಒತ್ತೋದು ನಾನು. ನೀನು ಎರಡೇ ಒತ್ತಿದೆ. ಉಳಿದಿದ್ದೆಲ್ಲ ಸರಿಯಿದೆ” ಅಂತ ಟಿಕ್ ಟಿಕ್ ಟಿಕ್ ಮಾಡಿ ಕೆಲಸಕ್ಕೆ ಕೂತರು.

ಅಂಗಡಿಗೆ ವರ್ಷ ತುಂಬುತ್ತಾ ಬಂದಾಗ ಸೇಲ್ಸ್ ಟ್ಯಾಕ್ಸಿನ ಇಬ್ಬರು ತಪಾಸಣೆಗೆ ಬಂದರು. ನಾನು ಎದೆ ಸೆಟೆಸಿ ಕೊಕ್ಕೆಗಳನ್ನು ತೋರಿಸಿದೆ. ಅವರು ಕೊಕ್ಕೆ ನೋಡಿದ ಮೇಲೆ ಅಟ್ಟ ಹತ್ತಿ ಪಾತ್ರೆ ಎಣಿಸಿದರು. ಕೊಂಡದ್ದರಲ್ಲಿ ಮಾರಿದ್ದನ್ನು ಕಳೆದರೆ ಉಳಿದದ್ದು ಅಂಗಡಿಯಲ್ಲಿರಬೇಕು. ಇರಲಿಲ್ಲ. ಚೊಂಬು, ಲೋಟ, ಹಾಲಿನ ಕ್ಯಾನು, ಸೌಟು, ಹೀಗೆ ಸುಮಾರು ಸಾಮಾನು ಎಲ್ಲಿ ಹೋಯಿತು ಅನ್ನುವುದಕ್ಕೆ ಬಿಲ್ಲೇ ಇಲ್ಲ. ಕೆಲವು ದಿನಕ್ಕೆ ನೋಟೀಸು ಬಂತು. ಬಿಲ್ಲಿಲ್ಲದೆ ಮಾರಿ ತೆರಿಗೆ ತಪ್ಪಿಸಿದ್ದೀರಿ, ದಂಡ ಯಾಕೆ ಹಾಕಬಾರದು, ನೋಂದಣಿ ಯಾಕೆ ರದ್ದು ಮಾಡಬಾರದು, ಬಂದು ಹೇಳಿ.

ನೋಂದಣಿ ಹೋದರೆ ಮೈಸೂರಿನ ಸಗಟು ವ್ಯಾಪಾರಿ ನನಗೆ ಒಂದು ಸೌಟೂ ಕಡ ಕೊಡುವುದಿಲ್ಲ. ಮಾಲಿಲ್ಲದಿದ್ದರೆ ಅಂಗಡಿಯಿಲ್ಲ. ಅಂಗಡಿ ಮುಚ್ಚಿದರೆ ಅವ್ವನ ಸರ ಸೊಸೈಟಿಯಲ್ಲೇ ಹರಾಜು. ಅಪ್ಪ ನೋಟೀಸನ್ನು ತಿರುಗಿಸಿ ಮುರುಗಿಸಿ ನೋಡಿ, “ಪಂಪ್‌ಸೆಟ್ ಮನೇಲಿ ಜಾಗ ಖಾಲಿ ಅದೆ ಕಣ್ಲಾ” ಅಂದ. ಆ ಒಂದು ಮಾತನ್ನು ನಾನು ಯಾವತ್ತೂ ಅಣಕಿಸಿಲ್ಲ.

ಮೇಡಂಗೆ ಫೋನು ಮಾಡಿದೆ. ಅವರು ಒಂದೇ ಪ್ರಶ್ನೆ ಕೇಳಿದರು. “ನಿಜ ಹೇಳು. ಬಿಲ್ ಹಾಕ್ದೆ ಮಾರಿದ್ದೀಯಾ?”

“ಇಲ್ಲ ಮೇಡಂ. ನಂಜುಂಡಪ್ಪನಾಣೆ ಇಲ್ಲ.”

ಸುಳ್ಳಲ್ಲ, ನಾನು ಹಾಗೇ ನಂಬಿದ್ದೆ.

ಮಾರನೇ ಬೆಳಿಗ್ಗೆ ಎಂದಿನಂತೆ ಅವ್ವನೂ ನಾನೂ ಊರಿಂದ ಮೊಪೆಡ್ಡಿನಲ್ಲಿ ಬಂದು ಅಂಗಡಿ ಬಾಗಿಲು ತೆಗೆದೆವು. ಅವ್ವ ದಿನಾ ನೀರು ಚಿಮುಕಿಸಿ, ದೀಪ ಹಚ್ಚಿ, ಬೋಣಿ ಆದ ಮೇಲೆ ಬಸ್ಸಿಗೆ ಊರಿಗೆ ಹೋಗುತ್ತಿದ್ದಳು. ನೋಡಿದರೆ ರಸ್ತೆಯ ಆಚೆ ಬದಿ, ಹೂವಿನವಳ ಪಕ್ಕ ಮೇಡಂ ನಿಂತಿದ್ದಾರೆ! ಮೊದಲನೇ ಬಸ್ಸಿಗೇ ಬಂದುಬಿಟ್ಟಿದ್ದಾರೆ. ಕೈಬೀಸಿ ಕರೆದೆ. ಬರಲಿಲ್ಲ, ನಿನ್ನ ಕೆಲಸ ನೋಡು ಅನ್ನುವ ಹಾಗೆ ಕೈ ಆಡಿಸಿದರು. ಹೂವು ಚೌಕಾಸಿ ಮಾಡುತ್ತಿರಬೇಕು ಅಂದುಕೊಂಡೆ.

ಅಷ್ಟರಲ್ಲಿ ಹಾಲಿನವನೊಬ್ಬ ಬಂದು ಒಂದು ಕ್ಯಾನು ತೆಗೆದುಕೊಂಡ. “ಬೋಣಿ ಕಣಣ್ಣ, ರೇಟ್ ನೋಡ್ಕೊಂಡ್ ಏಳು” ಅಂದ. ಹತ್ತು ರೂಪಾಯಿ ಬಿಟ್ಟೆ. ಅವನು ಕೊಟ್ಟ ದುಡ್ಡನ್ನು ಕಣ್ಣಿಗೊತ್ತಿಕೊಂಡು, ನಂಜುಂಡೇಶ್ವರನ ಪಟದ ಕೆಳಗಿದ್ದ ಬಿಸ್ಕತ್ ಡಬ್ಬಿಯ ಕಂಡಿಯೊಳಕ್ಕೆ ಇಳಿಬಿಟ್ಟೆ. ಅದು ಅವ್ವನ ಮುಡಿಪು. ಅಂಗಡಿ ನಿಂತರೆ ಮೊದಲ ವರ್ಷದ ಬೋಣಿ ದುಡ್ಡೆಲ್ಲ ನಂಜುಂಡಪ್ಪನಿಗೇ ಅಂತ ಹೊತ್ತುಕೊಂಡು, ಡಬ್ಬಿಗೆ ಅರಿಶಿನದ ದಾರ ಕಟ್ಟಿಟ್ಟಿದ್ದಳು. ಬೋಣಿಗೆ ಬಿಲ್ಲು ಹರಿಯುವ ಪದ್ಧತಿಯೂ ನಮ್ಮ ಸಾಲಿನಲ್ಲಿ ಯಾರಿಗೂ ಇರಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಕಾಗದ ಹರಿದರೆ ದಿನದ ವ್ಯಾಪಾರ ಹರಿದುಹೋಗುತ್ತದೆ ಅಂತ. ನನ್ನ ತಲೆಯಲ್ಲಿ ಬೋಣಿ ಅನ್ನುವುದು ಮಾರಾಟವೇ ಆಗಿರಲಿಲ್ಲ. ಅದು ದೀಪ ಹಚ್ಚಿದ ಹಾಗೆ, ಮುಖ ತೊಳೆದ ಹಾಗೆ.

ಹಾಲಿನವನು ಹೋದ ಮೇಲೆ ಮೇಡಂ ರಸ್ತೆ ದಾಟಿ ಬಂದರು.

“ಆ ಕ್ಯಾನಿನ ಬಿಲ್ಲೆಲ್ಲಿ?”

“ಅದು ಬೋಣಿ ಮೇಡಂ.”

“ಕ್ಯಾನಲ್ವಾ?”

“ಕ್ಯಾನೇ. ಆದ್ರೆ ಬೋಣಿ.”

ಮೂಗಿನ ಉಸಿರು ಬರುತ್ತದೆ ಅಂತ ಕಾದೆ. ಬರಲಿಲ್ಲ. ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಡಬ್ಬಿಯನ್ನೇ ನೋಡಿದರು. “ಒಂದು ವರ್ಷದ ಬೋಣಿ” ಅಂದರು ತಮ್ಮಷ್ಟಕ್ಕೆ. ಆಮೇಲೆ, “ಡಬ್ಬಿ ಯಾವತ್ತಾದ್ರೂ ತೆಗೆದಿದ್ದೀರಾ?”

“ಉಂಟಾ ತಾಯಿ!” ಅಂದಳು ಅವ್ವ. “ಸಿವರಾತ್ರಿಗೆ ನಂಜನಗೂಡ್ಗೆ ಓಗಿ ಅಂಗೇ ಉಂಡಿಗೆ ಸುರೀಬೇಕು. ಮಧ್ಯ ಬಿಚ್ಚಂಗಿಲ್ಲ, ಎಣಿಸಂಗಿಲ್ಲ.”

“ಈಗ ಬಿಚ್ಚಬೇಕಾಗುತ್ತಮ್ಮ. ಹೋಗಿರೋ ಪಾತ್ರೆ ಬೆಲೆ ಈ ಡಬ್ಬೀಲಿದೆ. ಆಫೀಸಿನೋರ ಮುಂದೆ ತೆಗೆದು ತೋರಿಸಿದ್ರೆ ನಿಮ್ಮ ಮಗ ಕದ್ದಿಲ್ಲ ಅಂತ ಗೊತ್ತಾಗುತ್ತೆ. ಬೇರೆ ದಾರಿ ಇಲ್ಲ.”

“ಅಂಗಡಿ ಓದ್ರೆ ಓಗ್ಲಿ. ಮುಡಿಪು ಮುಟ್ಟಕ್ಕೆ ನಾನು ಬಿಡಾಕಿಲ್ಲ.”

ನಮ್ಮವ್ವ ಹಾಗೆ ಹೇಳಿದಳು ಅಂದರೆ ಮುಗಿಯಿತು. ಅಪ್ಪನ ಪಂಪ್‌ಸೆಟ್ಟಿನ ಸದ್ದು ನನ್ನ ಕಿವಿಗೆ ಅಲ್ಲೇ ಕೇಳತೊಡಗಿತು. ಮೇಡಂ ದೇವರಿಲ್ಲ ಗೀವರಿಲ್ಲ ಅಂತ ವಾದಕ್ಕಿಳಿಯಲಿಲ್ಲ. ಸ್ಟೂಲನ್ನು ಅವ್ವನ ಪಕ್ಕಕ್ಕೆ ಎಳೆದುಕೊಂಡರು.

“ಅಮ್ಮ, ಒಂದು ಮಾತು. ಯಾವುದೇ ಸಾಮಾನು ಮಾರಿದ್ರೂ ಅದರ ಬೆಲೇಲಿ ಸ್ವಲ್ಪ ತೆರಿಗೆ ಸೇರಿರುತ್ತೆ. ಅದು ನಿಮ್ಮದಲ್ಲ, ನಿಮ್ಮ ಮಗಂದೂ ಅಲ್ಲ. ಗಿರಾಕಿ ಸರ್ಕಾರಕ್ಕೆ ಕೊಡೋಕೆ ಅಂತ ನಿಮ್ಮ ಕೈಗೆ ಕೊಟ್ಟಿರೋದು. ಈ ಡಬ್ಬೀಲಿ ನಿಮ್ಮ ದುಡ್ಡಿದೆ, ಅದರ ಜೊತೇಲಿ ಬೇರೆಯೋರದ್ದೂ ಇದೆ. ಬೇರೆಯೋರ ದುಡ್ಡನ್ನ ದೇವರಿಗೆ ಹಾಕಿದ್ರೆ ಮುಡಿಪು ಸಲ್ಲುತ್ತಾ?”

ಅವ್ವನ ಮುಖ ಬಿಳಚಿಕೊಂಡಿತು. “ಬ್ಯಾರೆಯೋರ್ ದುಡ್ಡಾ? ಇದ್ರೊಳ್ಗಾ? ಅಯ್ಯೋ ಸಿವ್ನೇ!” ಅಂದವಳು ನನ್ನ ಕಡೆ ತಿರುಗಿ, “ಲೇ ಮೂದೇವಿ, ನೀನ್ಯಾಕ್ಲಾ ಏಳ್ನಿಲ್ಲ?” ಅಂತ ಅಲ್ಲೇ ಇದ್ದ ಸೌಟು ಎತ್ತಿಕೊಂಡಳು. ಬೇರೆಯವರ ಹೊಲದಿಂದ ಒಂದು ಸೌತೆಕಾಯಿ ಕಿತ್ತರೂ ವಾಪಸು ಕೊಟ್ಟು ಬರುವ ಹೆಂಗಸು ಅವಳು. “ಆಯ್ತು ತಾಯಿ. ಆದ್ರೆ ನಾನೇ ತರ್ತೀನಿ, ನಾನೇ ಬಿಚ್ತೀನಿ.”

ವಿಚಾರಣೆಯ ಹಿಂದಿನ ದಿನ ಮೇಡಂ ನನಗೆ ಅಭ್ಯಾಸ ಮಾಡಿಸಿದರು. ತಮ್ಮ ಯಾವ ಕಕ್ಷಿದಾರರ ಪರವಾಗಿಯೂ ಅವರು ತಾವೇ ಮಾತಾಡುತ್ತಿರಲಿಲ್ಲ. ನಿನ್ನ ಅಂಗಡಿ, ನೀನು ಹೇಳು ಅನ್ನುವುದು ಅವರ ಪದ್ಧತಿ. ನಾನು ಆಫೀಸರಾಗಬೇಕು, ಅವರು ನಾನಾಗುತ್ತಾರೆ ಅಂದರು. ನಾನು ಗಂಟಲು ದಪ್ಪ ಮಾಡಿ, “ಏನ್ರೀ, ಪಾತ್ರೆಗಳೆಲ್ಲಿ?” ಅಂದೆ. ಮೇಡಂ ಕಿವಿ ಕೆರೆದುಕೊಂಡರು, ಪೆಚ್ಚುಪೆಚ್ಚಾಗಿ ಹಲ್ಲು ಕಿರಿದರು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ, “ಹೆಹೆ... ಅದೇನಾಯ್ತು ಅಂದ್ರೆ ಸಾ...” ಅಂದರು. ನಾನೇ! ನನ್ನ ಹಲ್ಲು, ನನ್ನ ಕೆರೆತ. ಊರನ್ನೆಲ್ಲ ನಗಿಸಿದವನು ನಾನು, ನನ್ನನ್ನು ನೋಡಿದರೆ ಸಾಲ ಕೊಡಬಾರದು ಅನ್ನಿಸುತ್ತದೆ ಅಂತ ಅವತ್ತೇ ಗೊತ್ತಾದದ್ದು.

ಮಾರನೇ ದಿನ ನಂಜನಗೂಡಿನ ಸೇಲ್ಸ್ ಟ್ಯಾಕ್ಸ್ ಆಫೀಸಿಗೆ ಹೋದೆವು. ಆಫೀಸರು ಕಿರುಚುವ ಪೈಕಿಯಲ್ಲ, ಸುಸ್ತಾದ ಕಣ್ಣ ಮನುಷ್ಯ. ಅವ್ವ ಡಬ್ಬಿಯನ್ನು ಮಗುವಿನ ಹಾಗೆ ಸೆರಗಿನಲ್ಲಿ ಸುತ್ತಿಕೊಂಡು ಬಂದವಳು ಮೇಜಿನ ಮೇಲಿಟ್ಟಳು.

“ಏನಮ್ಮ ಇದು?”

“ಮುಡಿಪು ಸಾಮಿ. ನೀವು ಒಸಿ ಕೈ ತೊಳ್ಕಂಡ್ ಬನ್ನಿ.”

ಬಾಗಿಲಲ್ಲಿದ್ದ ಜವಾನ ಕೆಮ್ಮಿದ. ಆಫೀಸರು ಅವ್ವನನ್ನು ನೋಡಿದರು, ಮೇಡಂ ಕಡೆ ನೋಡಿದರು, ಎದ್ದು ಹೋಗಿ ಕೈ ತೊಳೆದು ಕರ್ಚೀಫಿನಲ್ಲಿ ಒರೆಸಿಕೊಳ್ಳುತ್ತಾ ಬಂದು ಕೂತರು. ಅವ್ವ ದಾರ ಬಿಚ್ಚಿ, ಪೇಪರಿನ ಮೇಲೆ ಸುರಿದಳು. ಎಣಿಸಿದರು. ಕಾಣೆಯಾದ ಪಾತ್ರೆಗಳ ಬೆಲೆಗೆ ಹತ್ತಿರ ಹತ್ತಿರ ಬಂದು, ಸ್ವಲ್ಪ ಕಮ್ಮಿ ಬಿತ್ತು.

“ಇದು ಯಾಕೆ ಕಮ್ಮಿ?” ಅಂತ ನನ್ನ ಕಡೆ ತಿರುಗಿದರು.

ನಾನು ಬಾಯಿ ತೆರೆದೆ. ಹೆದರಿಕೆಗೋ ಏನೋ, ಬಂದದ್ದು ಮೇಡಂ ದನಿ. ಮೂಗಿನ ಉಸಿರಿನ ಸಮೇತ. “ನೋಡಿ ಸರ್, ಮೊದಲನೇದಾಗಿ...”

“ಏನ್ರೀ, ತಮಾಷೆ ಮಾಡ್ತಿದ್ದೀರಾ?”

ಮೇಡಂ ಮೊಣಕೈಯಿಂದ ನನ್ನ ಪಕ್ಕೆಗೊಂದು ತಿವಿದರು. “ನಿನ್ನ ಬಾಯಲ್ಲಿ ಹೇಳು.”

ನನ್ನ ಬಾಯಲ್ಲಿ ಹೇಳಿದೆ. ತೊದಲಿದೆ, ಕಿವಿ ಕೆರೆದುಕೊಂಡೆ. “ಬೋಣಿ ಅಂದ್ರೆ ಎಲ್ರೂ ಚೌಕಾಸಿ ಮಾಡ್ತಾರೆ ಸಾ. ಬೋಣಿ ಹೊತ್ತಲ್ಲಿ ಬಂದೋರ್ನ ಬರಿಗೈಲಿ ಕಳ್ಸಬಾರ್ದು, ಅದ್ಕೆ ಐದು ಹತ್ತು ಬಿಟ್ಟು ಕೊಡ್ಬೇಕು. ಆ ಕಮ್ಮೀನೇ ಇದು. ನನ್ಗೆ ಅದು ಮಾರಾಟ ಅಂತಾನೇ ಹೊಳೀಲಿಲ್ಲ ಸಾ.”

ಆಫೀಸರು ಮೇಡಂ ಕಡೆ ತಿರುಗಿದರು. “ನಿಮ್ಮ ಲೆಕ್ಕ ಅಂದ್ರೆ ನಾನು ಎರಡನೇ ಸಲ ನೋಡಲ್ಲ ಮೇಡಂ. ಪ್ರತಿ ವಾರ ಅಂಗಡಿಗೆ ಹೋಗ್ತೀರಿ. ದಿನಾ ನಡೆಯೋ ಬೋಣಿ ನಿಮ್ಮ ಕಣ್ಣಿಗೇ ಬೀಳಲಿಲ್ಲ ಅಂದ್ರೆ ಹೆಂಗೆ ನಂಬಲಿ? ಈ ಡಬ್ಬಿ ಹೋದ ವಾರ ತುಂಬಿಸಿದ್ದಲ್ಲ ಅಂತ ಹೆಂಗೆ ನಂಬಲಿ?”

ಎಲ್ಲ ಅಲ್ಲಿಗೆ ಬಂದು ನಿಂತಿತ್ತು. ಅವರು ನಂಬದಿದ್ದರೆ ಅಂಗಡಿ ಇಲ್ಲ.

ಮೇಡಂ ಕರೆಂಟ್ ಬಿಲ್ಲು ಓದುವ ದನಿಯಲ್ಲಿ ಹೇಳಿದರು. “ಬೋಣಿ ಹೊತ್ತಿಗೆ ನಾನು ಯಾರ ಅಂಗಡಿ ಮುಂದೇನೂ ನಿಲ್ಲಲ್ಲ ಸರ್. ಗಂಡ ಸತ್ತೋಳ ಮುಖ ನೋಡಿ ಬೋಣಿ ಮಾಡೋಕೆ ಯಾರಿಗೂ ಮನಸ್ಸು ಬರಲ್ಲ. ಹಾಗಂತ ಯಾರೂ ನನಗೆ ಬಾಯಿ ಬಿಟ್ಟು ಹೇಳಿಲ್ಲ. ನಾನೇ ಹನ್ನೊಂದರ ಬಸ್ಸು ಹಿಡೀತೀನಿ. ನೋಟೀಸು ಬಂದ ಮೇಲೆ ಮೊದಲನೇ ಬಸ್ಸಿಗೆ ಹೋಗಿ, ರಸ್ತೆ ಆಚೆ ನಿಂತು ನೋಡ್ದೆ. ಆಗ ಗೊತ್ತಾಯ್ತು. ಬೋಣಿ ಲೆಕ್ಕ ಬಿಟ್ಟುಹೋಗಿದ್ದು ನನ್ನಿಂದ. ಬರೆದು ಸಹಿ ಹಾಕಿ ಕೊಡ್ತೀನಿ.”

ಬರೆದರು. ಅವರ ಉಸಿರು ಯಾವಾಗ ಮೂಗಿಗೆ ಏರುತ್ತದೆ ಅಂತ ಕೂಡ ತಿಳಿದಿದ್ದ ನನಗೆ ಆ ಬಸ್ಸಿನ ಕಾರಣ ತಿಳಿದಿರಲಿಲ್ಲ. ನಮ್ಮವ್ವ ಖಾಲಿ ಡಬ್ಬಿಯನ್ನು ಹಿಡಿದುಕೊಂಡು ಮೇಡಂ ಮುಖವನ್ನೇ ನೋಡುತ್ತಿದ್ದಳು.

ಆಫೀಸರು ಆ ಹೇಳಿಕೆಯನ್ನು ಎರಡು ಸಲ ಓದಿದರು. ಹೋದ ಪಾತ್ರೆಗಳ ಮೇಲಿನ ತೆರಿಗೆ ಪೂರ್ತಿ ಕಟ್ಟಬೇಕು, ಸಣ್ಣದೊಂದು ದಂಡ, ನೋಂದಣಿ ಹಾಗೇ ಇರುತ್ತದೆ ಅಂದರು. ತೆರಿಗೆಯನ್ನು ಅವ್ವ ಆ ರಾಶಿಯಿಂದಲೇ ಬೇರೆ ಮಾಡಿದಳು. ದಂಡ ಮಾತ್ರ ದೇವರ ದುಡ್ಡಿನಿಂದ ಬೇಡ ಅಂತ ನನ್ನ ಜೇಬಿನಿಂದ ಕೊಡಿಸಿದಳು. ಉಳಿದದ್ದನ್ನು ಶಿವರಾತ್ರಿವರೆಗೆ ಕಾಯದೆ ಅವತ್ತೇ ನಂಜುಂಡಪ್ಪನ ಹುಂಡಿಗೆ ಹಾಕಿ ಬಂದೆವು. ಬಸ್ ಸ್ಟ್ಯಾಂಡಿನಲ್ಲಿ ಮೇಡಂ ಎಂದಿನ ಹಾಗೆ ನನ್ನ ಫೀಸಿನ ಬಾಕಿ ಜ್ಞಾಪಿಸಿದರು.

ಅವ್ವ, “ಸನಿವಾರ ಮೊದಲ್ನೇ ಬಸ್ಗೇ ಬನ್ನಿ ತಾಯಿ” ಅಂದಳು.

“ಯಾಕಮ್ಮ?”

“ಬನ್ನಿ ಅಂದ್ರೆ ಬನ್ನಿ.”

ಶನಿವಾರ ಬಾಗಿಲು ತೆಗೆದಾಗ ಮೇಡಂ ಬಂದಿದ್ದರು. ಆದರೆ ರಸ್ತೆಯ ಆಚೆಗೇ, ಹೂವಿನವಳ ಪಕ್ಕ. ಅವ್ವ ದೀಪ ಹಚ್ಚಿದವಳೇ ಕೈ ಒರೆಸಿಕೊಂಡು ರಸ್ತೆ ದಾಟಿದಳು. ಅಲ್ಲೇನು ಮಾತಾಯಿತೋ ನನಗೆ ಕೇಳಲಿಲ್ಲ. ಮೇಡಂ ಬೇಡ ಬೇಡ ಅಂತ ತಲೆಯಾಡಿಸುತ್ತಿದ್ದದ್ದು, ಅವ್ವ ಅವರ ವಾಚಿನ ಕೈ ಹಿಡಿದು ಎಳೆದದ್ದು ಕಾಣಿಸಿತು. ಅಷ್ಟರಲ್ಲಿ ಒಬ್ಬ ಗಿರಾಕಿ ಮೆಟ್ಟಿಲು ಹತ್ತಿದ. ಅವ್ವ ಅಲ್ಲಿಂದಲೇ ಕೂಗಿದಳು, “ಒಸಿ ತಡ್ಕಳಣ್ಣ, ಬೋಣಿ ಆಗ್ಲಿ!”

“ನಾನೇ ಬೋಣಿ ಮಾಡ್ತೀನಲ್ಲವ್ವ?”

“ಇವತ್ತು ಮೇಡಮ್ಮೋರ್ದು.”

ಮೇಡಂ ಹೊಸ್ತಿಲಿನ ಹೊರಗೇ ನಿಂತರು. ಅವ್ವ ಒಳಗೆ ಕರೆದಳು. ಒಳಗೆ ಬಂದು, ಏನೂ ಕಾಣದವರ ಹಾಗೆ ಅಟ್ಟದ ಮೇಲೆ ಸುಮ್ಮನೆ ಕಣ್ಣಾಡಿಸಿ, ಒಂದು ಕಾಫಿ ಫಿಲ್ಟರು ತೋರಿಸಿದರು. ಕೊಟ್ಟೆ. ರೇಟು ಹೇಳಿದೆ.

“ಅಷ್ಟಾ? ಬೋಣಿ ಕಣೋ. ಹತ್ತು ರೂಪಾಯಿ ಬಿಡು.”

“ಐದು ಬಿಡ್ತೀನಿ ಮೇಡಂ.”

“ಹತ್ತು.”

ಹತ್ತು ಬಿಟ್ಟು ಬಿಲ್ಲು ಹರಿದು ಕೊಟ್ಟೆ. ಕನ್ನಡಕ ಏರಿಸಿ ಮೇಲಿಂದ ಕೆಳಕ್ಕೆ ಓದಿದರು. “ತಾರೀಕು ಹಾಕಿಲ್ಲ ನೋಡು” ಅಂದರು. ಹಾಕಿಕೊಟ್ಟೆ.

ದುಡ್ಡನ್ನು ಅವರು ಮೇಜಿನ ಮೇಲಿಡಲು ಹೋದರು. ಅವ್ವ ಬಿಡಲಿಲ್ಲ, ಕೈಯೊಡ್ಡಿ ಅವರ ಕೈಯಿಂದಲೇ ತಗೊಂಡಳು. ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಗಲ್ಲಾಪೆಟ್ಟಿಗೆ ಎಳೆದು ಅದರೊಳಕ್ಕೆ ಹಾಕಿ ನನ್ನ ಕಡೆ ತಿರುಗಿ, “ಬರ್ಕೊಳ್ಲಾ” ಅಂದಳು.